ಡ್ರಮ್ ಬಿಚ್ಚಿ ನೋಡಿ, ಆಮೇಲೆ ಆರ್ಡರ್ ಮಾಡಿ

ವಾಹನ ವಿಭಾಗಕ್ಕೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿರುವ ಓದುಗರವು. ಎಲ್ಲರ ಕೈಯಲ್ಲೂ ಜಪಾನಿನಿಂದ ಬಂದ ಹಳೇ ಪಿಕಪ್ ಇದೆ, ಎಲ್ಲರ ತಕರಾರೂ ಹಿಂದಿನ ಬ್ರೇಕಿನದೇ. ಹೊಸಬರಿಗೆ ಒಂದು ಮಾತು: ಡ್ರಮ್ ಬ್ರೇಕಿನಲ್ಲಿ ಗಾಲಿಯ ಜೊತೆ ತಿರುಗುವ ಬಟ್ಟಲು ಡ್ರಮ್, ಅದರೊಳಗಿನ ಎರಡು ಬಾಗಿದ ತುಂಡುಗಳು ಶೂ, ಶೂ ಮೇಲಿನ ಸವೆಯುವ ಪದರ ಲೈನರ್, ಪೆಡಲ್ ಒತ್ತಿದಾಗ ಶೂಗಳನ್ನು ಡ್ರಮ್ಮಿಗೆ ಒತ್ತುವುದು ವೀಲ್ ಸಿಲಿಂಡರ್, ಇವನ್ನೆಲ್ಲ ಹೊತ್ತ ತಿರುಗದ ತಟ್ಟೆ ಬ್ಯಾಕಿಂಗ್ ಪ್ಲೇಟ್.

ಪ್ರಶ್ನೆ: ನನ್ನದು 1991ರ ಟೊಯೋಟಾ ಫೋರ್ ವೀಲ್ ಡ್ರೈವ್ ಪಿಕಪ್. ಬ್ರೇಕ್ ಪೆಡಲ್ ದಿನದಿಂದ ದಿನಕ್ಕೆ ಕೆಳಗಿಳಿಯುತ್ತಿದೆ. ಹ್ಯಾಂಡ್ ಬ್ರೇಕ್ ಎಷ್ಟು ಎಳೆದರೂ ಹಿಡಿಯುವುದಿಲ್ಲ. ಹಿಂದಿನ ಶೂ ತರಿಸಿದೆ, ಅದು ಕೂರಲಿಲ್ಲ. ವೀಲ್ ಸಿಲಿಂಡರ್ ಕೇಳಿದರೆ ಅಂಗಡಿಯವರು ಮೂರು ಬಗೆ ತೋರಿಸುತ್ತಾರೆ. ಯಾವುದು ನನ್ನ ಗಾಡಿಯದು? (ರಾಲಿ, ನಾರ್ತ್ ಕೆರೊಲಿನಾ)

ಉತ್ತರ: ಶೂ ಕೊಳ್ಳುವುದನ್ನು ಸದ್ಯಕ್ಕೆ ನಿಲ್ಲಿಸಿ. ಪೆಡಲ್ ಇಳಿಯುವುದು, ಹ್ಯಾಂಡ್ ಬ್ರೇಕ್ ಹಿಡಿಯದಿರುವುದು ಎರಡೂ ಜೊತೆಯಾಗಿ ಬಂದರೆ ಈ ಗಾಡಿಯಲ್ಲಿ ಮೊದಲು ಅನುಮಾನಪಡಬೇಕಾದದ್ದು ಬೆಲ್ ಕ್ರ್ಯಾಂಕನ್ನು. ಹ್ಯಾಂಡ್ ಬ್ರೇಕ್ ಕೇಬಲ್ ನೇರವಾಗಿ ಡ್ರಮ್ಮಿನೊಳಗೆ ಹೋಗುವುದಿಲ್ಲ. ಬ್ಯಾಕಿಂಗ್ ಪ್ಲೇಟಿನ ಹಿಂಭಾಗದಲ್ಲಿ, ಗಾಡಿಯ ಕೆಳಗೆ ಮಲಗಿದರೆ ಕಾಣುವ ಒಂದು ಬಾಗಿದ ತುಂಡು ಕೇಬಲ್ಲಿನ ಎಳೆತವನ್ನು ತಿರುಗಿಸಿ ಒಳಗಿನ ಲಿವರಿಗೆ ಕೊಡುತ್ತದೆ. ಅದೇ ಬೆಲ್ ಕ್ರ್ಯಾಂಕ್. ಅದರ ರಬ್ಬರ್ ಹೊದಿಕೆ ಹರಿದರೆ ನೀರು, ಕೆಸರು, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಒಳಗೆ ಸೇರಿ ಪಿನ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ.

ಇಲ್ಲಿಗೆ ಹ್ಯಾಂಡ್ ಬ್ರೇಕಿನ ಕಥೆ ಮುಗಿಯಿತು, ಪೆಡಲ್ ಯಾಕೆ ಇಳಿಯಬೇಕು ಎಂದು ನೀವು ಕೇಳಬಹುದು. ಈ ಪಿಕಪ್ಪಿನಲ್ಲಿ ಹಿಂದಿನ ಶೂಗಳನ್ನು ಡ್ರಮ್ಮಿಗೆ ಹತ್ತಿರ ತರುವ ಅಡ್ಜಸ್ಟರ್ ತಿರುಗುವುದು ಹ್ಯಾಂಡ್ ಬ್ರೇಕ್ ಎಳೆದಾಗಲೇ. ಬೆಲ್ ಕ್ರ್ಯಾಂಕ್ ಕಚ್ಚಿಕೊಂಡರೆ ಅಡ್ಜಸ್ಟರ್ ಒಂದು ಹಲ್ಲೂ ಮುಂದೆ ಹೋಗದು. ಲೈನರ್ ಸವೆದಷ್ಟೂ ಅಂತರ ಹೆಚ್ಚುತ್ತದೆ, ಅದನ್ನು ತುಂಬಲು ಪೆಡಲ್ ಅಷ್ಟು ಕೆಳಗೆ ಹೋಗುತ್ತದೆ. ಗೇರಿನಲ್ಲಿ ಹಾಕಿ ನಿಲ್ಲಿಸುವ ಅಭ್ಯಾಸವಿದ್ದು ಹ್ಯಾಂಡ್ ಬ್ರೇಕ್ ಮುಟ್ಟದವರ ಗಾಡಿಯಲ್ಲಿ, ಬೆಲ್ ಕ್ರ್ಯಾಂಕ್ ಚೆನ್ನಾಗಿದ್ದರೂ ಇದೇ ಆಗುತ್ತದೆ. ಹೊಸ ಶೂ ಹಾಕಿಸಿ, ಆರು ತಿಂಗಳಿಗೆ ಪೆಡಲ್ ಮತ್ತೆ ಇಳಿದು, ಪೆಡಲಿನ ಒತ್ತಡವನ್ನು ಬ್ರೇಕ್ ಆಯಿಲಿಗೆ ಕೊಡುವ ಮಾಸ್ಟರ್ ಸಿಲಿಂಡರನ್ನೂ ಬದಲಿಸಿ ದುಡ್ಡು ಕಳೆದುಕೊಂಡವರು ಬಹಳ ಜನ. ದೋಷ ಇದ್ದದ್ದು ಒಂದು ಪಿನ್ನಿನಲ್ಲಿ.

ಪರೀಕ್ಷೆ ಸುಲಭ. ಮುಂದಿನ ಗಾಲಿಗಳಿಗೆ ಎರಡೂ ಕಡೆ ಕಟ್ಟೆ ಕೊಡಿ, ಹಿಂಭಾಗವನ್ನು ಎತ್ತಿ ಆಕ್ಸಲ್ಲಿನ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಹೋಗಲೇಬೇಡಿ. ಒಬ್ಬರು ಹ್ಯಾಂಡ್ ಬ್ರೇಕ್ ಎಳೆದು ಬಿಡಲಿ, ಇನ್ನೊಬ್ಬರು ಬೆಲ್ ಕ್ರ್ಯಾಂಕ್ ನೋಡಲಿ. ಎಳೆದಾಗ ಸರಾಗವಾಗಿ ತಿರುಗಬೇಕು, ಬಿಟ್ಟಾಗ ಪೂರ್ತಿ ಹಿಂದೆ ಬಂದು ತಡೆ ಬೋಲ್ಟಿನ ಹತ್ತಿರ ನಿಲ್ಲಬೇಕು. ಅರ್ಧಕ್ಕೆ ನಿಂತರೆ ಶೂ ಡ್ರಮ್ಮಿಗೆ ತಾಗಿಕೊಂಡೇ ಓಡುತ್ತಿದೆ ಎಂದರ್ಥ. ಕಚ್ಚಿದ್ದರೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಆಡಿಸುವುದು ಎರಡು ವಾರದ ಮದ್ದು ಅಷ್ಟೆ. ಬಿಚ್ಚಿ, ಪಿನ್ ಹೊರತೆಗೆದು, ಉಜ್ಜುಕಾಗದದಲ್ಲಿ ತಿಕ್ಕಿ, ತೂತನ್ನೂ ಶುಚಿಮಾಡಿ, ಗ್ರೀಸ್ ತುಂಬಿ, ಹೊಸ ರಬ್ಬರ್ ಹೊದಿಕೆಯೊಂದಿಗೆ ಕೂರಿಸಿ. ಪಿನ್ ತಿಂದುಹೋಗಿದ್ದರೆ ಇಡೀ ಬೆಲ್ ಕ್ರ್ಯಾಂಕ್ ಬದಲಿಸಿ. ಎಡದ್ದು ಬೇರೆ, ಬಲದ್ದು ಬೇರೆ, ಆರ್ಡರಿನಲ್ಲಿ ಅದನ್ನು ಬರೆಯಿರಿ. ಕೂರಿಸಿದ ಮೇಲೆ ಬೆಲ್ ಕ್ರ್ಯಾಂಕನ್ನು ಸಡಿಲ ಹೋಗುವಷ್ಟು ಮೆಲ್ಲಗೆ ಎಳೆದು ಹಿಡಿದು, ತಡೆ ಬೋಲ್ಟಿಗೂ ಅದಕ್ಕೂ 0.4ರಿಂದ 0.8 ಮಿ.ಮೀ. ಸಂದು ಉಳಿಯುವಂತೆ ಬೋಲ್ಟ್ ತಿರುಗಿಸಿ.

ಇನ್ನು ಭಾಗ ಹುಡುಕುವ ವಿಷಯ. ಅಂಗಡಿಯವರು ಮೂರು ಬಗೆ ತೋರಿಸಿದ್ದರಲ್ಲಿ ಅವರ ತಪ್ಪಿಲ್ಲ. ಇದೇ ಹೆಸರಿನಲ್ಲಿ ಟೂ ವೀಲ್ ಡ್ರೈವ್, ಫೋರ್ ವೀಲ್ ಡ್ರೈವ್, ಹೆಚ್ಚು ಭಾರ ಹೊರುವ ಮಾದರಿ ಎಲ್ಲವೂ ಮಾರಾಟವಾಗಿವೆ. ಜೊತೆಗೆ 1991ರಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯಲ್ಲೂ ಟೊಯೋಟಾ ಪಿಕಪ್ ತಯಾರಾಗತೊಡಗಿತು. ಬಾಗಿಲ ಚೌಕಟ್ಟಿನ ಫಲಕದಲ್ಲಿ ತಯಾರಾದ ತಿಂಗಳು, ವರ್ಷ, ಒಟ್ಟು ಭಾರದ ಮಿತಿ ಇವೆ. ಗಾಡಿಯ ಗುರುತಿಗೆ ಕೊಟ್ಟ ಹದಿನೇಳು ಅಕ್ಷರದ ವಿನ್ ಸಂಖ್ಯೆಯ ಮೊದಲ ಅಕ್ಷರ ಜೆ ಆದರೆ ಜಪಾನ್, 4 ಆದರೆ ಅಮೆರಿಕ. ಈ ಎರಡನ್ನೂ ಬರೆದುಕೊಂಡರೆ ಮಾರಾಟಗಾರರ ಅರ್ಧ ಗೊಂದಲ ಹೋಗುತ್ತದೆ. ಉಳಿದರ್ಧ ಹೋಗುವುದು ಡ್ರಮ್ ಬಿಚ್ಚಿದಾಗ ಮಾತ್ರ. ಮೂವತ್ತು ವರ್ಷ ದಾಟಿದ ಗಾಡಿಗೆ ಹಿಂದಿನ ಮಾಲೀಕರು ಬೇರೆ ಆಕ್ಸಲ್ ಹಾಕಿಸಿರಬಹುದು, ಕ್ಯಾಟಲಾಗಿಗೆ ಅದು ತಿಳಿಯುವುದಿಲ್ಲ.

ಡ್ರಮ್ ಬರದಿದ್ದರೆ ಅಂಚಿಗೆ ಸುತ್ತಿಗೆಯಿಂದ ಹೊಡೆಯಬೇಡಿ, ಎರಕದ ಕಬ್ಬಿಣ ಸಿಡಿಯುತ್ತದೆ. ಡ್ರಮ್ಮಿನ ಮುಖದ ಮೇಲೆ ಮರೆಯುಳ್ಳ (ಬೋಲ್ಟ್ ತಿರುಗಿಸಿ ಕೂರಿಸುವ ಥ್ರೆಡ್ ಇರುವ) ಎರಡು ತೂತುಗಳಿವೆ. ಎಂ8, 1.25 ಪಿಚ್ಚಿನ ಎರಡು ಬೋಲ್ಟ್ ಹಾಕಿ ಒಂದೊಂದನ್ನು ಅರ್ಧ ಅರ್ಧ ಸುತ್ತು ಬಿಗಿಯುತ್ತಾ ಬಂದರೆ ಡ್ರಮ್ ತಾನಾಗಿ ಹೊರಬರುತ್ತದೆ. ಆಗಲೂ ಕಚ್ಚಿದರೆ ಸವೆತದಿಂದ ಒಳ ಅಂಚಿನಲ್ಲಿ ಏಣು ಬೆಳೆದಿದೆ, ಅದು ಶೂಗೆ ಸಿಕ್ಕಿಕೊಂಡಿದೆ. ಬ್ಯಾಕಿಂಗ್ ಪ್ಲೇಟಿನ ರಬ್ಬರ್ ಮುಚ್ಚಳ ತೆಗೆದು, ಒಂದು ಸ್ಕ್ರೂಡ್ರೈವರಿನಿಂದ ಅಡ್ಜಸ್ಟರಿನ ಲಿವರನ್ನು ದೂರ ಹಿಡಿದು, ಇನ್ನೊಂದರಿಂದ ಹಲ್ಲಿನ ಚಕ್ರವನ್ನು ಹಿಂದಕ್ಕೆ ತಿರುಗಿಸಿ.

ಒಳಗಿನ ಧೂಳನ್ನು ಗಾಳಿಯಿಂದ ಊದಬೇಡಿ. ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅಮೆರಿಕದಲ್ಲಿ ಬಿಡಿಭಾಗವಾಗಿ ಮಾರುವ ಬ್ರೇಕ್ ಲೈನರಿನಲ್ಲಿ ಅದರ ಬಳಕೆ ಪೂರ್ತಿ ನಿಷೇಧವಾದದ್ದು 2024ರಲ್ಲಿ. ಬ್ರೇಕ್ ಕ್ಲೀನರಿನಿಂದ ಒದ್ದೆ ಮಾಡಿ, ಕೆಳಗೆ ತಟ್ಟೆ ಇಟ್ಟು ತೊಳೆಯಿರಿ.

ಈಗ ಅಳತೆ. ಫೋರ್ ವೀಲ್ ಡ್ರೈವಿನ ಡ್ರಮ್ ಹೊಸತಿನಲ್ಲಿ 295 ಮಿ.ಮೀ. ಒಳವ್ಯಾಸ, ಗರಿಷ್ಠ 297. ಟೂ ವೀಲ್ ಡ್ರೈವಿನದು 254, ಗರಿಷ್ಠ 256. ನಿಮ್ಮ ಡ್ರಮ್ಮಿನ ಮೇಲೆ ಎರಕ ಹೊಯ್ದ ಗರಿಷ್ಠ ಅಂಕಿಯೇ ಕೊನೆಯ ಮಾತು. ವ್ಯಾಸವನ್ನು ಮೂರು ನಾಲ್ಕು ಕಡೆ ಅಳೆಯಿರಿ, ಡ್ರಮ್ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಪೆಡಲ್ ಕಾಲಡಿಯಲ್ಲಿ ನಡುಗುತ್ತದೆ. ಶೂನ ಅಗಲ, ಲೈನರಿನ ದಪ್ಪ (1 ಮಿ.ಮೀ.ಗಿಂತ ಕಡಿಮೆಯಾದರೆ ಮುಗಿಯಿತು), ಶೂ ತಗಡಿನ ತೂತುಗಳ ಸ್ಥಾನ ಇವನ್ನು ಬರೆದುಕೊಳ್ಳಿ. ಶೂವನ್ನು ಹಾಳೆಯ ಮೇಲಿಟ್ಟು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದರೆ ಇನ್ನೂ ಒಳ್ಳೆಯದು. ಹೊಸ ಶೂ ಬಂದ ದಿನ ಅದನ್ನು ಆ ಹಾಳೆಯ ಮೇಲಿಟ್ಟರೆ ಸಾಕು, ಗಾಡಿ ಎತ್ತುವ ಮೊದಲೇ ಗೊತ್ತಾಗಿಬಿಡುತ್ತದೆ.

ವೀಲ್ ಸಿಲಿಂಡರಿನ ಒಳವ್ಯಾಸ ಎಷ್ಟೋ ಸಲ ಅದರ ಮೈಮೇಲೆಯೇ ಇಂಚಿನಲ್ಲಿ ಎರಕವಾಗಿರುತ್ತದೆ: 13/16, 7/8, 15/16 ಹೀಗೆ. ಇಲ್ಲಿ ಅಂದಾಜು ಬೇಡ. 13/16 ಇರುವ ಕಡೆ 7/8 ಹಾಕಿದರೆ ವ್ಯತ್ಯಾಸ ಒಂದೂವರೆ ಮಿ.ಮೀ. ಮಾತ್ರ, ಆದರೆ ಪಿಸ್ಟನ್ನಿನ ವಿಸ್ತೀರ್ಣ ಶೇ. 16ರಷ್ಟು ಹೆಚ್ಚುತ್ತದೆ. ಅಷ್ಟೇ ಒತ್ತಡಕ್ಕೆ ಶೂ ಮೇಲೆ ಶೇ. 16 ಹೆಚ್ಚು ಬಲ ಬೀಳುತ್ತದೆ. ಎರಡೂ ಕಡೆ ಹಾಗಾದರೆ ಖಾಲಿ ಗಾಡಿಯ ಹಿಂದಿನ ಗಾಲಿ ಬೇಗ ಜಾಮ್ ಆಗುತ್ತದೆ, ಒಂದೇ ಕಡೆ ಆದರೆ ಒಂದು ಪಕ್ಕಕ್ಕೆ ಎಳೆಯುತ್ತದೆ. ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಎತ್ತಿ ನೋಡಿ. ತೇವ ಇದ್ದರೆ ಪರವಾಗಿಲ್ಲ, ಬ್ರೇಕ್ ಆಯಿಲ್ ತೊಟ್ಟಿಕ್ಕಿದರೆ ಎರಡೂ ಕಡೆ ಬದಲಿಸಿ.

ಟೊಯೋಟಾ ಭಾಗದ ಸಂಖ್ಯೆಗಳ ಮೊದಲ ಐದು ಅಂಕಿ ಅದು ಯಾವ ಭಾಗ ಎಂದು ಹೇಳುತ್ತವೆ. ಹಿಂದಿನ ಶೂ ಸೆಟ್ 04495, ಹಿಂದಿನ ಡ್ರಮ್ 42431, ವೀಲ್ ಸಿಲಿಂಡರ್ 47550. ನಂತರದ ಐದು ಅಂಕಿಯಲ್ಲಿ ಮಾದರಿ ಅಡಗಿದೆ. ಡೀಲರಿಗೆ ವಿನ್ ಕೊಟ್ಟು ಪೂರ್ಣ ಸಂಖ್ಯೆ ಪಡೆಯಿರಿ, ಭಾಗ ಅವರಲ್ಲಿ ಇಲ್ಲದಿದ್ದರೂ ಸಂಖ್ಯೆ ಸಿಗುತ್ತದೆ. ಆಮೇಲೆ ಅದೇ ಸಂಖ್ಯೆಯನ್ನು ಜಪಾನಿನ, ದುಬೈಯ ಮಾರಾಟಗಾರರಲ್ಲಿ ಹುಡುಕಿ. ಅಮೆರಿಕದ ಹೊರಗೆ ಇದೇ ಗಾಡಿ ಹೈಲಕ್ಸ್ ಎಂಬ ಹೆಸರಿನಲ್ಲಿ ಓಡುವುದರಿಂದ ಅಲ್ಲಿ ಭಾಗಗಳು ಧಾರಾಳ. ಒಂದು ಎಚ್ಚರಿಕೆ: 800 ಡಾಲರ್ ಒಳಗಿನ ಪಾರ್ಸೆಲ್ಲಿಗೆ ಇದ್ದ ಸುಂಕದ ವಿನಾಯಿತಿ 2025ರ ಆಗಸ್ಟ್ 29ರಿಂದ ನಿಂತಿದೆ, ಲೆಕ್ಕ ಹಾಕುವಾಗ ಸುಂಕವನ್ನೂ ಸೇರಿಸಿ. ಬೇರೆ ಕಂಪನಿಗಳ ಶೂ ಕೊಳ್ಳುವಾಗ ಎಸ್ ಅಕ್ಷರದಿಂದ ಶುರುವಾಗುವ ಎಫ್‌ಎಂಎಸ್‌ಐ ಸಂಖ್ಯೆ (ಬ್ರೇಕ್ ಲೈನರ್ ಉದ್ಯಮದ ಸಾಮಾನ್ಯ ಗುರುತು ಸಂಖ್ಯೆ) ಕೇಳಿ. ಡಬ್ಬಿಯ ಮೇಲಿನ ಬ್ರ್ಯಾಂಡ್ ಯಾವುದೇ ಇರಲಿ, ಆ ಸಂಖ್ಯೆ ಒಂದೇ ಆದರೆ ಶೂನ ಆಕಾರವೂ ಒಂದೇ.

ಶೂ ಜೊತೆಗೆ ಸ್ಪ್ರಿಂಗ್, ಪಿನ್, ಬಟ್ಟಲುಗಳ ಕಿಟ್ಟನ್ನೂ ತರಿಸಿ. ಬಿಸಿಯಾಗಿ ಬಣ್ಣ ಸುಟ್ಟ ಸ್ಪ್ರಿಂಗಿನಲ್ಲಿ ಸೆಳೆತ ಉಳಿದಿರುವುದಿಲ್ಲ, ಹೊಸ ಶೂ ಅದರಿಂದ ಹಿಂದೆ ಬರದೆ ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತದೆ. ಒಮ್ಮೆಗೆ ಒಂದೇ ಗಾಲಿ ಬಿಚ್ಚಿ, ಇನ್ನೊಂದು ನಿಮಗೆ ನಕ್ಷೆಯಾಗಿ ಉಳಿಯಲಿ. ಅಡ್ಜಸ್ಟರುಗಳಲ್ಲಿ ಒಂದರ ಮರೆ ಬಲಸುತ್ತು, ಇನ್ನೊಂದರದು ಎಡಸುತ್ತು. ಅದಲುಬದಲಾದರೆ ಪ್ರತಿ ಸಲ ಹ್ಯಾಂಡ್ ಬ್ರೇಕ್ ಎಳೆದಾಗಲೂ ಅಂತರ ಕಡಿಮೆಯಾಗುವ ಬದಲು ಹೆಚ್ಚುತ್ತದೆ.

ಬ್ರೇಕ್ ಪೈಪಿನ ನಟ್ಟಿಗೆ 10 ಮಿ.ಮೀ. ಫ್ಲೇರ್ ನಟ್ ಸ್ಪ್ಯಾನರ್ ಬೇಕೇ ಬೇಕು, ಸಾಮಾನ್ಯ ಸ್ಪ್ಯಾನರ್ ಮೂಲೆಗಳನ್ನು ಉರುಟು ಮಾಡಿಬಿಡುತ್ತದೆ. ಹಿಂದಿನ ದಿನವೇ ಎಣ್ಣೆ ಬಿಡಿ. ನಟ್ಟಿನ ಜೊತೆ ಪೈಪೂ ತಿರುಗತೊಡಗಿದರೆ ನಿಲ್ಲಿಸಿ, ಅದು ಮುರಿಯುತ್ತದೆ. ಪೈಪ್ ಹೊಸತು ಮಾಡಿಸುವುದಾದರೆ 3/16 ಇಂಚಿನ ತಾಮ್ರ-ನಿಕಲ್ ಪೈಪ್, ಎಂ10 1.0 ಪಿಚ್ಚಿನ ನಟ್, ತುದಿಗೆ ಡಬಲ್ ಫ್ಲೇರ್. ಸಿಲಿಂಡರಿನ ಎರಡು ಬೋಲ್ಟಿಗೆ 10, ಪೈಪಿನ ನಟ್ಟಿಗೆ 15 ನ್ಯೂಟನ್ ಮೀಟರ್ ಬಿಗಿತ ಸಾಕು.

ಬ್ಯಾಕಿಂಗ್ ಪ್ಲೇಟಿನಲ್ಲಿ ಶೂ ಉಜ್ಜುವ ಉಬ್ಬುಗಳಿಗೆ ಬಿಸಿ ತಡೆಯುವ ಗ್ರೀಸನ್ನು ತೆಳ್ಳಗೆ ಸವರಿ. ಸಿಲಿಂಡರಿನ ರಬ್ಬರಿಗೆ ಮಾತ್ರ ಆ ಗ್ರೀಸ್ ತಾಗಬಾರದು, ರಬ್ಬರ್ ಉಬ್ಬಿ ಕೆಡುತ್ತದೆ. ಡ್ರಮ್ಮಿನ ಒಳವ್ಯಾಸಕ್ಕಿಂತ ಶೂಗಳ ಹೊರವ್ಯಾಸ 0.6 ಮಿ.ಮೀ. ಕಡಿಮೆ ಇರುವಂತೆ ಅಡ್ಜಸ್ಟರ್ ತಿರುಗಿಸಿ ಡ್ರಮ್ ಹಾಕಿ. ಡಾಟ್ 3 ಬ್ರೇಕ್ ಆಯಿಲ್ ತುಂಬಿ, ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಗಾಲಿಯಿಂದ ಶುರುಮಾಡಿ ಏರ್ ತೆಗೆಯಿರಿ. ಆಕ್ಸಲ್ಲಿನ ಮೇಲ್ಗಡೆ ಚಾಸಿಯಲ್ಲಿ, ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಬದಲಿಸುವ ಲೋಡ್ ಸೆನ್ಸಿಂಗ್ ವಾಲ್ವಿಗೂ ಏರ್ ತೆಗೆಯುವ ಒಂದು ತಿರುಪು (ಬ್ಲೀಡರ್) ಇದೆ, ಮರೆಯಬೇಡಿ. ಕೊನೆಗೆ ಒಳಗಿನ ಟಿಕ್ ಟಿಕ್ ಸದ್ದು ನಿಲ್ಲುವವರೆಗೆ ಹ್ಯಾಂಡ್ ಬ್ರೇಕನ್ನು ಎಳೆದು ಬಿಡುತ್ತಾ ಇರಿ.

ಪ್ರಶ್ನೆ: ಹೊಸ ಶೂ ಹಾಕಿ ಎರಡು ತಿಂಗಳಾಗಿಲ್ಲ, ಎಡಗಡೆಯದು ಎಣ್ಣೆಯಲ್ಲಿ ತೋಯ್ದಿದೆ. ವೀಲ್ ಸಿಲಿಂಡರ್ ಹೊಸತು. ಇದೂ ಟೊಯೋಟಾ, 1989. (ಸ್ಯಾಕ್ರಮೆಂಟೊ)

ಉತ್ತರ: ಬೆರಳಿಗೆ ಹಚ್ಚಿ ಮೂಸಿ ನೋಡಿ. ದಪ್ಪಗೆ ಜಿಡ್ಡಾಗಿ ಗಂಧಕದ ವಾಸನೆ ಹೊಡೆದರೆ ಅದು ಹಿಂದಿನ ಆಕ್ಸಲ್ಲಿನ ಹೊರಕವಚದ, ಅಂದರೆ ಹೌಸಿಂಗಿನ, ಗೇರ್ ಆಯಿಲ್. ಆಕ್ಸಲ್ಲಿನ ಆಯಿಲ್ ಸೀಲ್ ಹೋಗಿದೆ, ಸಿಲಿಂಡರಿನ ತಪ್ಪಲ್ಲ.

ಸೀಲ್ ಬದಲಿಸುವ ಮೊದಲು ಹೌಸಿಂಗಿನ ಮೇಲಿರುವ, ಒಳಗಿನ ಗಾಳಿ ಹೊರಹೋಗುವ ಕಿಂಡಿಯಾದ ಬ್ರೀದರ್ ನೋಡಿ. ಅದು ಕೆಸರಿನಿಂದ ಮುಚ್ಚಿದ್ದರೆ ಓಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಎಣ್ಣೆಯನ್ನು ಸೀಲಿನಿಂದಲೇ ಹೊರದಬ್ಬುತ್ತದೆ, ಹೊಸ ಸೀಲೂ ಅದೇ ದಾರಿ ಹಿಡಿಯುತ್ತದೆ. ಬ್ರೇಕ್ ಪೈಪ್, ಹ್ಯಾಂಡ್ ಬ್ರೇಕ್ ಕೇಬಲ್ ಬಿಚ್ಚಿ, ಬ್ಯಾಕಿಂಗ್ ಪ್ಲೇಟಿನ ಹಿಂದಿನ ನಾಲ್ಕು ನಟ್ ತೆಗೆದರೆ ಆಕ್ಸಲ್ ಶಾಫ್ಟ್ ಪ್ಲೇಟಿನ ಸಮೇತ ಹೊರಬರುತ್ತದೆ. ಹೌಸಿಂಗಿನಲ್ಲಿ ಉಳಿದ ಸೀಲ್ ಎಷ್ಟು ಆಳದಲ್ಲಿ ಕೂತಿದೆ ಎಂದು ಅಳೆದುಕೊಂಡೇ ಕೀಳಿ, ಹೊಸದನ್ನು ಅಷ್ಟೇ ಆಳಕ್ಕೆ ಹೊಡೆಯಿರಿ. ಶಾಫ್ಟಿನಲ್ಲಿ ಸೀಲ್ ತಾಗುವ ಜಾಗ ಉಗುರಿಗೆ ತಡೆಯುವಷ್ಟು ಸವೆದಿದ್ದರೆ ಬರೀ ಸೀಲ್ ಸಾಲದು. ಬೇರಿಂಗ್ ಅಲುಗಾಡಿದರೆ ಸೀಲ್ ಬಾಳುವುದಿಲ್ಲ, ಆದರೆ ಬೇರಿಂಗ್ ಬಿಚ್ಚಲು ಪ್ರೆಸ್ ಬೇಕು, ಅದನ್ನು ವರ್ಕ್‌ಶಾಪಿಗೆ ಬಿಡಿ.

ತೋಯ್ದ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು, ಸುಟ್ಟು ಮತ್ತೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಲೈನರ್ ಎಣ್ಣೆಯನ್ನು ಕುಡಿದಿರುತ್ತದೆ, ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ಒಂದೇ ಕಡೆ ಕೆಟ್ಟಿದ್ದರೂ ಎರಡೂ ಕಡೆಯ ಶೂ ಬದಲಿಸಿ.

ಪ್ರಶ್ನೆ: ಪಿಕಪ್ಪನ್ನು ನಾಲ್ಕು ಇಂಚು ಎತ್ತರಿಸಿದ ಮೇಲೆ ಹಿಂದಿನ ಬ್ರೇಕ್ ಕೆಲಸವನ್ನೇ ಮಾಡುತ್ತಿಲ್ಲ. ಶೂ, ಸಿಲಿಂಡರ್ ಎಲ್ಲ ಸರಿ ಇವೆ. (ಡೆನ್ವರ್)

ಉತ್ತರ: ಮೇಲೆ ಹೇಳಿದ ಲೋಡ್ ಸೆನ್ಸಿಂಗ್ ವಾಲ್ವಿನಿಂದ ಒಂದು ಸರಳು ಆಕ್ಸಲ್ಲಿಗೆ ಹೋಗಿದೆ. ಹೊರೆ ಹಾಕಿದಾಗ ಬಾಡಿ ಆಕ್ಸಲ್ಲಿಗೆ ಹತ್ತಿರವಾಗುತ್ತದೆ, ವಾಲ್ವ್ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ನೀವು ನಾಲ್ಕು ಇಂಚು ಎತ್ತರಿಸಿದ್ದರಿಂದ ಗಾಡಿ ಸದಾ ಖಾಲಿ ಎಂದೇ ಅದು ತಿಳಿದಿದೆ. ಆಕ್ಸಲ್ ಕಡೆಯ ಕೊಂಡಿಯನ್ನು ಎತ್ತರಿಸುವ ಬ್ರಾಕೆಟ್ ಹಾಕಿಸಿ, ಸರಳಿನ ಕೋನ ಮೊದಲಿನಂತೆಯೇ ಆಗಬೇಕು. ಸರಳನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಡುವ ಉಪಾಯ ಅಪಾಯಕಾರಿ: ಖಾಲಿ ಗಾಡಿಯಲ್ಲಿ ಮಳೆಯ ರಸ್ತೆಯ ಮೇಲೆ ಜೋರಾಗಿ ಒತ್ತಿದರೆ ಹಿಂದಿನ ಗಾಲಿ ಜಾಮ್ ಆಗಿ ಗಾಡಿ ತಿರುಗಿಬಿಡುತ್ತದೆ. ಆಕ್ಸಲ್ ಪೂರ್ತಿ ಕೆಳಗೆ ತೂಗಿದಾಗ ಮಧ್ಯದ ಬ್ರೇಕ್ ಹೋಸ್ ಬಿಗಿಯಾಗುತ್ತದೆಯೇ ಎಂದೂ ನೋಡಿ, ಬಿಗಿಯಾದರೆ ಉದ್ದದ ಹೋಸ್ ಬೇಕು.

ಪ್ರಶ್ನೆ: ಇಸುಜು ಪಿಕಪ್, 1993. ಇಸುಜು ಅಮೆರಿಕದಲ್ಲಿ ಅಂಗಡಿ ಮುಚ್ಚಿದೆ. ಹಿಂದಿನ ಬ್ರೇಕಿನ ಭಾಗ ಎಲ್ಲಿ ಸಿಗುತ್ತದೆ? (ಡೆಟ್ರಾಯಿಟ್)

ಉತ್ತರ: ಇಸುಜು ಅಲ್ಲಿ ಜನರ ಬಳಕೆಯ ಗಾಡಿ ಮಾರುವುದನ್ನು 2009ರ ಜನವರಿಯಲ್ಲಿ ನಿಲ್ಲಿಸಿತು. ಭಾಗಗಳು ಮಾತ್ರ ಬೇರೆ ಹೆಸರಿನಲ್ಲಿ ಉಳಿದಿವೆ. ಇಸುಜು ರೋಡಿಯೊ ನಿಮ್ಮ ಪಿಕಪ್ಪಿನ ನಂಟ, 1994ರಿಂದ ಬಂದ ಹೋಂಡಾ ಪಾಸ್‌ಪೋರ್ಟ್ ಅದೇ ರೋಡಿಯೊ. ಆದರೆ ರೋಡಿಯೊದಲ್ಲಿ ಹಿಂದೆ ಡ್ರಮ್ ಇರುವುದೂ ಉಂಟು, ಡಿಸ್ಕ್ ಇರುವುದೂ ಉಂಟು. ಡಿಸ್ಕ್ ಇರುವ ಗಾಡಿಗೆ ಹಿಂದಿನ ಬ್ರೇಕ್ ಶೂ ಎಂದು ಹುಡುಕಿದರೆ ಬರುವುದು ಡಿಸ್ಕಿನ ಟೊಪ್ಪಿಗೆಯೊಳಗಿನ ಪುಟ್ಟ ಹ್ಯಾಂಡ್ ಬ್ರೇಕ್ ಶೂ. ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ವ್ಯಾಸ ಓದಿಕೊಂಡೇ ಕೊಳ್ಳಿ.

ಇನ್ನೂ ಹಳೆಯ ಗಾಡಿಗಳಿಗೂ ಇಂಥ ಜೋಡಿಗಳಿವೆ. 1964ರಿಂದ ಆಮದು ಪಿಕಪ್ಪಿಗೆ ಅಮೆರಿಕ ಶೇ. 25 ಸುಂಕ ಹಾಕಿದ ಮೇಲೆ ಬರೀ ಚಾಸಿ ಮತ್ತು ಕ್ಯಾಬಿನ್ ತಂದು, ತೊಟ್ಟಿಯನ್ನು ಅಲ್ಲಿ ಕೂರಿಸಿ, ಅಮೆರಿಕದ ಕಂಪನಿಗಳೂ ಜಪಾನಿನ ಗಾಡಿಯನ್ನು ತಮ್ಮ ಹೆಸರಿನಲ್ಲಿ ಮಾರಿದವು. 1972ರ ಷೆವ್ರೊಲೆ ಲವ್ ಇಸುಜುವಿನದು, ಫೋರ್ಡ್ ಕುರಿಯರ್ ಮಾಜ್ದಾದ್ದು, ಡಾಡ್ಜ್ ರ‍್ಯಾಮ್ 50 ಮಿತ್ಸುಬಿಷಿಯದು. ತಿರುಗುಮುರುಗೂ ಇದೆ: 1994ರಿಂದ ಅಮೆರಿಕದಲ್ಲಿ ಮಾರಿದ ಮಾಜ್ದಾ ಪಿಕಪ್ ಫೋರ್ಡ್ ರೇಂಜರ್, 1996ರ ಇಸುಜು ಹೋಂಬ್ರೆ ಷೆವ್ರೊಲೆ ಎಸ್-10. ಗುಜರಿಯವರ ಬಳಿ ಹಾಲಂಡರ್ ಎಂಬ ಅದಲುಬದಲಿ ಪಟ್ಟಿ ಇರುತ್ತದೆ, ಅದರ ಸಂಖ್ಯೆ ಕೇಳಿದರೆ ಬೇರೆ ಯಾವ ಗಾಡಿಯ ಡ್ರಮ್ ಕೂರುತ್ತದೆ ಎಂದು ಹೇಳುತ್ತಾರೆ. ಗುಜರಿಯಿಂದ ಡ್ರಮ್, ಬ್ಯಾಕಿಂಗ್ ಪ್ಲೇಟ್, ಲಿವರ್ ತರಬಹುದು. ಶೂ, ಸಿಲಿಂಡರ್, ಹೋಸ್ ಹೊಸತೇ ಇರಲಿ.

ಪ್ರಶ್ನೆ: ಜಪಾನಿನಿಂದ ತರಿಸಿದ 1994ರ ಸುಜುಕಿ ಕ್ಯಾರಿ ಪುಟ್ಟ ಟ್ರಕ್ ಇದೆ, ಫೋರ್ ವೀಲ್ ಡ್ರೈವ್. ಮಾರುತಿ ಓಮ್ನಿ ಇದೇ ಕ್ಯಾರಿ ಅಲ್ಲವೇ? ರಜೆಗೆ ಮೈಸೂರಿಗೆ ಬಂದಾಗ ಓಮ್ನಿಯ ಹಿಂದಿನ ಬ್ರೇಕ್ ಶೂ ಕೊಂಡೊಯ್ಯಲೇ? (ಆಸ್ಟಿನ್)

ಉತ್ತರ: ಆಸೆ ಹುಟ್ಟುವುದು ಸಹಜ, ಆದರೆ ಕೊಂಡೊಯ್ದು ಆಮೇಲೆ ನೋಡೋಣ ಎನ್ನಬೇಡಿ. 1984ರಲ್ಲಿ ಬಂದು 2019ರವರೆಗೆ ತಯಾರಾದ ಓಮ್ನಿ 1979ರ ಎಸ್‌ಟಿ90 ಪೀಳಿಗೆಯ ಕ್ಯಾರಿ. ನಿಮ್ಮದು 1991ರ ನಂತರದ್ದು, ಚಾಸಿ ಸಂಖ್ಯೆ ಡಿಡಿ51ಟಿ ಎಂದು ಶುರುವಾಗಬೇಕು. ಟೂ ವೀಲ್ ಡ್ರೈವ್ ಆಗಿದ್ದರೆ ಡಿಸಿ51ಟಿ. ನಡುವೆ ಪೀಳಿಗೆ ಬದಲಾಗಿದೆ. ಇದಕ್ಕೆ ಹದಿನೇಳು ಅಕ್ಷರದ ವಿನ್ ಇಲ್ಲದ ಕಾರಣ ಅಮೆರಿಕದ ಅಂಗಡಿಯ ಕಂಪ್ಯೂಟರಿನಲ್ಲಿ ಗಾಡಿಯೇ ಸಿಗುವುದಿಲ್ಲ. ಫಲಕದಲ್ಲಿರುವ ಪೂರ್ತಿ ಚಾಸಿ ಸಂಖ್ಯೆಯನ್ನು ಜಪಾನಿನ ಭಾಗ ಮಾರಾಟಗಾರರಿಗೆ ಕೊಡಿ. ಓಮ್ನಿಯದನ್ನು ನೋಡಲೇಬೇಕೆಂದರೆ ಊರಿಗೆ ಹೊರಡುವ ಮೊದಲು ಡ್ರಮ್ಮಿನ ಒಳವ್ಯಾಸ, ಶೂನ ಅಗಲ, ತೂತುಗಳ ನಡುವಿನ ದೂರ ಅಳೆದು, ಹಾಳೆಯ ಮೇಲಿನ ಆ ಪೆನ್ಸಿಲ್ ಗೆರೆಯನ್ನು ಜೊತೆಗೆ ತನ್ನಿ. ಒಂದು ಮಿ.ಮೀ. ತಪ್ಪಿದರೂ ಬಿಟ್ಟುಬಿಡಿ.

ಪ್ರಶ್ನೆ: ಶೂ ಎಲ್ಲೂ ಸಿಗದಿದ್ದರೆ ಹಳೆಯದಕ್ಕೇ ಲೈನರ್ ಹಾಕಿಸಬಹುದೇ? ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ಮಾಡಿಕೊಡುತ್ತಾರೆ ಎಂದು ಕೇಳಿದ್ದೇನೆ. (ಹಾಸನ)

ಉತ್ತರ: ಹಾಕಿಸಬಹುದು, ಹಳೇ ಗಾಡಿಗೆ ಎಷ್ಟೋ ಸಲ ಅದೇ ಒಳ್ಳೆಯ ದಾರಿ, ಏಕೆಂದರೆ ಕಂಪನಿಯ ಮೂಲ ತಗಡು ನಿಮ್ಮ ಗಾಡಿಗೆ ಕೂರುವುದು ಖಚಿತ. ಆದ್ದರಿಂದ ಹಳೇ ಶೂಗಳನ್ನು ಗುಜರಿಗೆ ಹಾಕಬೇಡಿ. ತಗಡು ಬಾಗಿರಬಾರದು, ಬೆಸುಗೆ ಬಿರಿದಿರಬಾರದು, ತೂತುಗಳು ಸವೆದು ಉದ್ದವಾಗಿರಬಾರದು. ಅಂಟಿಸುವುದಾದರೆ ತಗಡನ್ನು ಮರಳು ಹೊಡೆದು ಬರೀ ಲೋಹ ಕಾಣುವಂತೆ ಮಾಡಿ, ಒತ್ತಿ ಹಿಡಿದು ಓವನ್ನಿನಲ್ಲಿ ಕಾಯಿಸಬೇಕು. ಬರೀ ಅಂಟು ಸವರಿ ಒಣಗಿಸುವವರಲ್ಲಿ ಮಾಡಿಸಬೇಡಿ. ರಿವೆಟ್ ಹೊಡೆಸುವುದಾದರೆ ಅದರ ತಲೆ ಲೈನರಿನ ಮೇಲ್ಮೈಗಿಂತ ಸಾಕಷ್ಟು ಒಳಗಿರಲಿ, ಸವೆದು ಹೊರಬಂದ ರಿವೆಟ್ ಡ್ರಮ್ಮಿನಲ್ಲಿ ಗೀರು ಕೊರೆಯುತ್ತದೆ.

ಲೈನರಿನ ಅಂಚಿನಲ್ಲಿ ಎರಡು ಅಕ್ಷರ ಅಚ್ಚಾಗಿರುತ್ತವೆ: ಇಇ, ಎಫ್‌ಎಫ್ ಹೀಗೆ. ಮೊದಲಿನದು ಸಾಮಾನ್ಯ ಸ್ಥಿತಿಯ ಹಿಡಿತ, ಎರಡನೆಯದು ಬಿಸಿಯಾದಾಗಿನದು. ಇ ಎಂದರೆ ಘರ್ಷಣಾಂಕ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಹಳೆಯದರ ಮೇಲೆ ಇದ್ದದ್ದನ್ನೇ ಕೇಳಿ. ಹೆಚ್ಚು ಹಿಡಿತ ಒಳ್ಳೆಯದೆಂದು ಹಿಂದೆ ಜಿ ಹಾಕಿಸಿದರೆ ಮುಂದಿನ ಬ್ರೇಕಿಗಿಂತ ಮೊದಲೇ ಹಿಂದಿನದು ಹಿಡಿಯುತ್ತದೆ. ಡ್ರಮ್ಮನ್ನೂ ಅಂಗಡಿಗೆ ಒಯ್ಯಿರಿ, ಅದರ ಸುತ್ತಳತೆಗೆ ಸರಿಯಾಗಿ ಲೈನರ್ ತಿಕ್ಕಿಸಿ. ಡ್ರಮ್ ಸವೆದು ದೊಡ್ಡದಾಗಿದ್ದರೆ ಹೊಸ ಲೈನರಿನ ನಡುಭಾಗ ಮಾತ್ರ ತಾಗುತ್ತದೆ, ಮೊದಲ ಸಾವಿರ ಕಿಲೋಮೀಟರ್ ಬ್ರೇಕ್ ಅರೆಬರೆ ಹಿಡಿಯುತ್ತದೆ.